ಪ್ರವಾಸದ ಕೊನೇ ದಿನ ಹೆಣ್ಣು ನೋಡಿದ್ದು

ಇತಿಹಾಸದ ಮೇಷ್ಟ್ರು ಬಸವಪ್ರಸಾದ್ ಕಾಲೇಜು ಪ್ರವಾಸದ ಕೊನೇ ದಿನ ರೇಷ್ಮೆ ಅಂಗಿ ಹಾಕಿಕೊಂಡದ್ದೇ ತಪ್ಪಾಯಿತು. ಚಾಮರಾಜನಗರದ ಗುಡಿ, ಶಾಸನ, ವೀರಗಲ್ಲುಗಳನ್ನೆಲ್ಲ ಒಂದೇ ಮಾಸಲು ಅಂಗಿಯಲ್ಲಿ ತೋರಿಸಿದ ಸಾರ್ ಇವತ್ತು ಹೊಸ ಪಾತ್ರೆಯ ಹಾಗೆ ಹೊಳೆಯುವುದನ್ನು ಕಂಡು ವಿದ್ಯಾರ್ಥಿಗಳ ಕಿವಿ ನೆಟ್ಟಗಾದವು.

ಮೇಷ್ಟ್ರ ಉಪಾಯವೇನೋ ಸರಳವಾಗಿತ್ತು. ಹುಡುಗರನ್ನು ಗುಂಡ್ಲುಪೇಟೆಯ ವಿಜಯನಾರಾಯಣ ಗುಡಿಯಲ್ಲಿ ಬಿಟ್ಟು, ಈರುಳ್ಳಿ ವ್ಯಾಪಾರಿ ಚಿಕ್ಕಮಲ್ಲಪ್ಪನವರ ಮನೆಗೆ ಹೋಗಿ, ಅವರ ಮಗಳು ಕಾವ್ಯಶ್ರೀಯನ್ನು ನೋಡಿ, ಕಾಫಿ ಕುಡಿದು ಬಂದುಬಿಡುವುದು. ತಲೆಗೂದಲು ಉದುರಲು ಶುರುವಾದ ಮೇಲೆ ಬಂದ ಒಂದೇ ಒಳ್ಳೆಯ ಸಂಬಂಧ ಅದು.

ಜಗಲಿ ಹತ್ತಿ ತಿರುಗಿ ನೋಡಿದರೆ ಇಡೀ ಕ್ಲಾಸು ಇರುವೆ ಸಾಲಿನಂತೆ ಹಿಂದೆ ನಿಂತಿತ್ತು.

"ಒಳ್ಳೇ ಜಾಗ ನೀವೊಬ್ರೇ ನೋಡೋದಾ ಸಾರ್?" ಎಂದಳು ಎಲ್ಲರಿಗಿಂತ ಮುಂದಿದ್ದ ತೇಜಸ್ವಿನಿ.

ಹೊರಗೆ ಬಂದ ಚಿಕ್ಕಮಲ್ಲಪ್ಪ ಮೇಷ್ಟ್ರ ಕಿವಿಯ ಹತ್ತಿರ ಬಾಗಿದರು. "ಎಣ್ ನೋಡಾಕೆ ಇಷ್ಟು ಜನವಾ ಸಾ?"

"ನನ್ನ ವಿದ್ಯಾರ್ಥಿಗಳು. ಅವರಿಗೆ ವಿಷಯ ಗೊತ್ತಿಲ್ಲ, ಹೇಳಬೇಡಿ," ಎಂದು ಮೇಷ್ಟ್ರು ಪಿಸುಗುಟ್ಟಿದರು.

ಗಂಡಿಗೆಂದು ಮಾಡಿದ್ದ ಕೇಸರಿಬಾತು ಮಿಡತೆ ಬಿದ್ದ ಹೊಲವಾಯಿತು. ಬೆರಳು ನೆಕ್ಕಿಕೊಂಡು ತೇಜಸ್ವಿನಿ ಪೆನ್ನು ತೆಗೆದಳು. "ಸಾರ್, ಈ ಮನೆ ಇತಿಹಾಸ ಏನು?"

ಮೇಷ್ಟ್ರು ದಿಕ್ಕುಗಾಣದೆ ಗೋಡೆ ನೋಡಿದರು. ಅಲ್ಲೊಂದು ಮುದುಕಿಯ ಫೋಟೋ, ಕೆಳಗೆ 'ದೊಡ್ಡಮಲ್ಲಮ್ಮ' ಎಂಬ ಹೆಸರು. ಅಷ್ಟು ಸಾಕಾಯಿತು, ಬಾಯಿ ತಾನಾಗಿ ಪಾಠಕ್ಕೆ ಹೊರಟಿತು.

"ಹೆಣ್ಣುಮಕ್ಕಳು ಹೊಸಿಲು ದಾಟದ ಕಾಲ ಅದು. ಮೊದಲು ಓದು, ಆಮೇಲೇ ಮದುವೆ ಅಂತ ಹಟ ಹಿಡಿದು ಗೆದ್ದ ಮಹಾತಾಯಿ ಈಕೆ."

"ನಮ್ಮಜ್ಜಿ ಎಬ್ಬೆಟ್ಟು ಒತ್ತೋದ ನಾನೇ ನೋಡಿವ್ನಿ ಕಣ ಸಾ," ಎಂದು ಚಿಕ್ಕಮಲ್ಲಪ್ಪ ಗೊಣಗಿದರು.

"ಅದು ಅವರ ವಿನಯ."

ಚಿಕ್ಕಮಲ್ಲಪ್ಪನವರ ಕಣ್ಣು ತುಂಬಿ ಬಂತು. "ಇದ್ರೂ ಇರ್ಬೌದು. ಓದ್ದೋರು ಸುಮ್ಕೆ ಏಳಾರಾ?"

ಆಗ ಬಾಗಿಲ ಮರೆಯಿಂದ ಕಾವ್ಯಶ್ರೀ ಕಾಫಿ ತಟ್ಟೆ ಹಿಡಿದು ಬಂದಳು. ಮೊದಲೇ ಕಳಿಸಿದ್ದ ಅವಳ ಫೋಟೋದಲ್ಲಿದ್ದುದಕ್ಕಿಂತ ಚೆಲುವೆ. ಮೇಷ್ಟ್ರು ರೇಷ್ಮೆ ಅಂಗಿಯ ಕಾಲರು ಸರಿಮಾಡಿಕೊಂಡರು. ಅವಳು ಮಾತ್ರ ಅಪ್ಪನ ಕಡೆ ತಿರುಗಿದಳು.

"ಹಿಸ್ಟ್ರಿ ಎಂ.ಎ. ಓದ್ತೀನಿ ಅಂದ್ರೆ, ನಮ್ಮನೇಲಿ ಯಾವ ಹೆಂಗಸು ಓದವ್ಳೆ, ಮದ್ವೆ ಆಗು ಅಂತಿದ್ರಲ್ಲ ಅಪ್ಪಾಜಿ. ಮುತ್ತಜ್ಜಿನೇ ಓದವ್ರಂತಲ್ಲ."

ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗಡಬಡಿಸಿ ಬಾಯಿ ಹಾಕಿದರು. "ಮದುವೆಯಾದ ಮೇಲೂ ಓದಬಹುದಮ್ಮ..."

"ಮೊದಲು ಓದು ಅಂದ್ರಿ ಸಾರ್, ಬರ್ಕೊಂಡಿದೀನಿ," ಎಂದಳು ತೇಜಸ್ವಿನಿ.

ಚಿಕ್ಕಮಲ್ಲಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. "ಓದವ್ವ, ಓದು. ಇವ್ರ ಕಾಲೇಜ್‌ಗೇ ಸೇರ್ಸನ. ಸಾ, ನನ್ನ ಮಗಳ್ನ ನಿಮ್ಮ ಸ್ವಂತ ತಂಗಿ ಅಂಗೆ ನೋಡ್ಕಬೇಕು."

ಕಾವ್ಯಶ್ರೀ ಕಾಲಿಗೆ ಬಿದ್ದಳು. ಮೇಷ್ಟ್ರು ವಿಧಿಯಿಲ್ಲದೆ ಆಶೀರ್ವಾದ ಮಾಡಿದರು.

ಬಸ್ಸು ಈರುಳ್ಳಿ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಸಂತೆಮರಹಳ್ಳಿಯಿಂದ ತಾಯಿ ಮೊಬೈಲಿಗೆ ಫೋನ್ ಮಾಡಿದರು. "ಉಡ್ಗಿ ಎಂಗವ್ಳೆ ಕಂದ?"

"ಬಾಳ ಜಾಣೆ ಕಣವ್ವ," ಎಂದರು ಮೇಷ್ಟ್ರು. "ಮುಂದಿನ ತಿಂಗಳಿಂದ ನನ್ನ ಕ್ಲಾಸಿಗೇ ಬತ್ತಾಳೆ."