ಗೈಡ್ ಹುಡುಗಿಯರೂ ಅವರ ಪಾಲಕರೂ

ದೊಡ್ಡವರು ಸೇರಿ ಮಕ್ಕಳಿಗೆ ಶಿಸ್ತು ಕಲಿಸಲು ಹೊರಟಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಮ್ಮೂರಿನಲ್ಲಿ ಅದು ರವಿವಾರ ಆಗುತ್ತದೆ, ಏಕೆಂದರೆ ಗೈಡ್ಸ್ ದಳದ ಪಾಲಕರ ಸಮಿತಿ ಸೇರುವುದು ರವಿವಾರ.

ಕಾರ್ಯದರ್ಶಿ

ಶಾಲೆಯಲ್ಲಿ ಸ್ಕೌಟ್ಸ್-ಗೈಡ್ಸ್‌ನ ಹುಡುಗಿಯರ ದಳ ಶುರುವಾಗಿ ವರ್ಷ ತುಂಬಿರಲಿಲ್ಲ. ನನ್ನ ಮಗಳು ಸ್ಕಾರ್ಫ್ ಕಟ್ಟಿಕೊಂಡೇ ಊಟಕ್ಕೆ ಕೂಡುತ್ತಿದ್ದಳು. ದಳ ನಡೆಸುವ ಟೀಚರ್ ಒಂದು ದಿನ ಪಾಲಕರನ್ನು ಕರೆದು ವಿಷಯ ಹೇಳಿದರು. ಈ ವರ್ಷ ಒಂದು ಕ್ಯಾಂಪ್ ಆಗಲೇಬೇಕು. ಅಲ್ಲಿ ಹುಡುಗಿಯರು ತಾವೇ ಅಡಿಗೆ ಮಾಡಿ ಪರೀಕ್ಷಕರಿಂದ ಪಾಸ್ ಅನ್ನಿಸಿಕೊಳ್ಳಬೇಕು. ಇಲ್ಲದಿದ್ದರೆ ದಳ ಬಂದ್.

ಅದಕ್ಕೊಂದು ಸಮಿತಿ ಬೇಕಾಯಿತು. ಸದಸ್ಯರಾಗಲು ಎಲ್ಲರೂ ಒಪ್ಪಿದರು, ಕಾರ್ಯದರ್ಶಿಯಾಗಲು ಯಾರೂ ಒಪ್ಪಲಿಲ್ಲ. ಅಧ್ಯಕ್ಷರಾದ ಕಿರಾಣಿ ಅಂಗಡಿಯ ಕಾಕಾ, ಹಿಂದಿನ ಬೆಂಚಿನಲ್ಲಿದ್ದ ನನ್ನತ್ತ ಕೈ ಮಾಡಿ, ಇವರು ಎಂ.ಎ. ಓದಿದವರು, ಅದು ಇಲ್ಲಿಯೂ ಉಪಯೋಗಕ್ಕೆ ಬಾರದಿದ್ದರೆ ಮತ್ತೆಲ್ಲಿ ಬರಬೇಕು ಎಂದರು. ನನಗೆ ಸಮವಸ್ತ್ರ, ಸೆಲ್ಯೂಟ್, ಪ್ರತಿಜ್ಞೆ ಯಾವುದರಲ್ಲೂ ನಂಬಿಕೆ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ.

“ನಂಬಿಕಿ ಯಾರು ಕೇಳ್ಯಾರ್ರಿ ಸರ್? ಸಹಿ ಮಾಡ್ರಿ, ಸಾಕು.”

ಸೀಟಿ

ದಳದ ಸ್ಕಾರ್ಫುಗಳನ್ನೆಲ್ಲ ಪುಕ್ಕಟೆ ಹೊಲಿದುಕೊಟ್ಟವರು ಟೇಲರ್. ಅವರ ಮಗಳೂ ದಳದಲ್ಲಿದ್ದಾಳೆ. ಟೀಚರ್ ಬಾರದ ಒಂದು ರವಿವಾರ ಕವಾಯತು ಮಾಡಿಸುವ ಹೊಣೆಯನ್ನೂ ಅವರೇ ಹೊತ್ತರು. ಎರಡು ಸಲ ಸೀಟಿ ಊದಿದರೆ ಸಾಲು ಮುಂದೆ ನಡೆಯಬೇಕು ಎಂಬುದು ಅವರ ನಿಯಮ. ಊದಿದರು. ಸಾಲು ಕದಲಲಿಲ್ಲ. ಮೈದಾನದ ಬಾಜು ನಿಂತಿದ್ದ ಹುಬ್ಬಳ್ಳಿ ಬಸ್ ಹೊರಟುಹೋಯಿತು.

ಕಂಡಕ್ಟರ್ ಆಗ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು. ಟೇಲರ್ ಆ ಕಂಡಕ್ಟರನ್ನು ತಮ್ಮ ಬೈಕಿನ ಹಿಂದೆ ಕೂಡಿಸಿಕೊಂಡು ಸಂಶಿ ಊರಿನ ತನಕ ಅಟ್ಟಿಸಿಕೊಂಡು ಹೋಗಿ ಬಸ್ ಹಿಡಿದರು. ಟಿಕೆಟ್ ಇಲ್ಲದ ಪ್ರಯಾಣಿಕರು ಅಷ್ಟು ದೂರ ಬಹಳ ನೆಮ್ಮದಿಯಿಂದ ಬಂದಿದ್ದರಂತೆ, ಯಾರೂ ಡ್ರೈವರ್‌ಗೆ ತಿಳಿಸುವ ಗಡಿಬಿಡಿ ಮಾಡಿರಲಿಲ್ಲ.

ಮರುದಿನ ಕಂಡಕ್ಟರ್ ಟೇಲರ್ ಅಂಗಡಿಗೆ ಬಂದರು. ತಕರಾರು ಇರಬೇಕೆಂದು ನಾನೂ ಸಮಿತಿಯ ಪರವಾಗಿ ಕ್ಷಮೆ ಕೇಳಲು ಹೋದೆ. ಅವರು ನನ್ನ ಕಡೆ ನೋಡಲೂ ಇಲ್ಲ.

“ನಾ ಊದಿದ್ರ ನಮ್ಮ ಡ್ರೈವರ್‌ಗ ಕೇಳಸೂದ ಇಲ್ಲ. ಈ ಸೀಟಿ ಎಲ್ಲಿ ತಂದ್ರಿ, ಅಷ್ಟ ಹೇಳ್ರಿ.”

ದಿನಕ್ಕೊಂದು ಉಪಕಾರ

ಕ್ಯಾಂಪಿಗೆ ನಿಜವಾದ ಅಡ್ಡಿ ಒಬ್ಬ ಹುಡುಗಿಯ ಅಜ್ಜಿ. ಹೆಣ್ಣುಮಕ್ಕಳು ಬಯಲಿನಲ್ಲಿ ಮಲಗುವುದು ಸಲ್ಲದು ಎಂದು ಆಕೆ ಹೇಳಿಬಿಟ್ಟಿದ್ದರು. ಓಣಿಯಲ್ಲಿ ಆಕೆ ಬೇಡವೆಂದದ್ದನ್ನು ಬೇರೆ ಮನೆಗಳೂ ಮಾಡುವುದಿಲ್ಲ. ನಾನು ಹೋಗಿ ಸ್ವಾವಲಂಬನೆಯ ಬಗ್ಗೆ ಮಾತಾಡಿದೆ. ಅಜ್ಜಿ ಪೂರ್ತಿ ಕೇಳಿ, ಚಹಾ ಕೊಟ್ಟು ಕಳಿಸಿದರು.

ತಾಯಂದಿರು ಬೇರೆ ದಾರಿ ಹಿಡಿದರು. ಗೈಡ್ ಆದವಳು ದಿನಕ್ಕೊಂದು ಉಪಕಾರ ಮಾಡಬೇಕು. ಆ ಉಪಕಾರಗಳೆಲ್ಲ ಅಜ್ಜಿಗೇ ಸಲ್ಲುವಂತೆ ಏರ್ಪಾಡಾಯಿತು. ಒಬ್ಬಳು ಚೀಲ ಹೊರುತ್ತಿದ್ದಳು, ಇನ್ನೊಬ್ಬಳು ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜಿ ತಮ್ಮ ಮನೆಯ ಎದುರು ಬದಿಯಲ್ಲಿ ಸುಮ್ಮನೆ ನಿಂತಿದ್ದು ಕಂಡು, ಬರ್ರಿ, ದಾಟಿಸುತ್ತೇನೆ ಎಂದೆ.

“ಬ್ಯಾಡೋ ತಮ್ಮಾ. ನೀನ ದಾಟಿಸಿಬಿಟ್ರ ಹುಡುಗ್ಯಾರು ಬಂದು ಏನ್ ಮಾಡಬೇಕು?”

ಗೆರೆ

ಅದೇ ವಾರ ಅಜ್ಜಿಯ ಅಪ್ಪಣೆಯಾಯಿತು. ಹುಡುಗಿಯರು ಹೋಗಲಿ, ಆದರೆ ಕಾವಲಿಗೆ ತಾನೂ ಬರುತ್ತೇನೆ. ಅಜ್ಜಿ ಹೊರಟ ಮೇಲೆ ಉಳಿದ ತಾಯಂದಿರೂ ಹೊರಟರು. ಕ್ಯಾಂಪಿನಲ್ಲಿ ಗೈಡ್‌ಗಳಿಗಿಂತ ಕಾವಲುಗಾರರೇ ಹೆಚ್ಚಾದರು.

ಜಾಗ ಬಮ್ಮಿಗಟ್ಟಿಯಲ್ಲಿ, ಒಬ್ಬ ಪಾಲಕರ ಬೀಗರ ಹೊಲ. ಡೇರೆಗೆ ತಾಡಪತ್ರಿ ಕಾಕಾ ಕೊಟ್ಟದ್ದು. ಅದರ ಮೇಲೆ ಅವರು ಮೆಣಸಿನಕಾಯಿ ಒಣಗಿಸುತ್ತಿದ್ದರೆಂಬುದು ಹುಡುಗಿಯರು ಒಳಗೆ ಹೊಕ್ಕ ಕೂಡಲೇ ಎಲ್ಲರಿಗೂ ತಿಳಿಯಿತು. ಸೀನು ನಿಂತಿದ್ದು ಸಂಜೆಗೆ. ಆದರೂ ಬಾಡಿಗೆ ಕೇಳದೆ ಹೊಲ, ಡೇರೆ, ಹೋಗಿಬರಲು ಟ್ರ್ಯಾಕ್ಟರ್ ಎಲ್ಲ ಕೊಟ್ಟವರು ಈ ಮಂದಿಯೇ. ನಾನು ಕೊಟ್ಟದ್ದು ಸಹಿ.

ಮರುದಿನ ಅಡಿಗೆಯ ಪರೀಕ್ಷೆ. ಟೀಚರ್ ಒಲೆಗಳ ಸುತ್ತ ರಂಗೋಲಿಯಿಂದ ಗೆರೆ ಎಳೆದು, ದೊಡ್ಡವರು ಯಾರೂ ದಾಟಬಾರದೆಂದರು. ತಾಯಂದಿರು ಗೆರೆಯ ಹೊರಗೆ ಕೂತು ಸಲಹೆ ಕೊಡತೊಡಗಿದರು. ಟೀಚರ್ ಮಾತು ನಿಷೇಧಿಸಿದರು. ಆಮೇಲೆ ಹಿಟ್ಟಿಗೆ ನೀರು ಹೆಚ್ಚಾದಾಗಲೆಲ್ಲ ಅಜ್ಜಿಗೆ ಕೆಮ್ಮು ಬರಲು ಶುರುವಾಯಿತು. ಟೀಚರ್ ಕೆಮ್ಮನ್ನೂ ನಿಷೇಧಿಸಿದರು. ಅಜ್ಜಿ ತಮ್ಮ ಕೈಗಳ ಮೇಲೆ ತಾವೇ ಕೂತು, ಮೊಮ್ಮಗಳು ಬಡಿದ ರೊಟ್ಟಿ ಹಂಚಿಗೆ ಬೀಳುವುದನ್ನು ಕಣ್ಣು ಮುಚ್ಚಿ ಸಹಿಸಿದರು.

ಪರೀಕ್ಷಕರು ಬಂದವರು ಮೊದಲು ನೋಡಿದ್ದು ತಾಯಂದಿರ ಸಾಲನ್ನು. ಅವರ ಮುಖ ಗಂಟಿಕ್ಕಿತು.

“ಅಡಿಗಿ ಯಾರು ಮಾಡ್ಯಾರ, ಖರೇ ಹೇಳ್ರಿ. ಇಷ್ಟು ಮಂದಿ ಅವ್ವಂದ್ರು ಒಲಿ ಮುಂದ ಸುಮ್ನ ಕೂತಿದ್ರಂದ್ರ ನಾ ಒಪ್ಪೂದಿಲ್ಲ.”

ಟೀಚರ್ ಎಷ್ಟು ಹೇಳಿದರೂ ಅವರು ನಂಬಲಿಲ್ಲ, ಆಣೆ ಮಾಡುವುದೊಂದು ಬಾಕಿ. ಹುಡುಗಿಯರು ಅಟೆನ್ಷನ್‌ನಲ್ಲಿ ನಿಂತಿದ್ದರು. ಪ್ರಾಮಾಣಿಕತೆ ಕುರಿತು ಎರಡು ಮಾತಾಡೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಜ್ಜಿ ಎದ್ದು ಬಂದು, ತಾಟಿನಿಂದ ಒಂದು ರೊಟ್ಟಿ ಎತ್ತಿ ಬಿಸಿಲಿಗೆ ಹಿಡಿದರು. ರೊಟ್ಟಿಯ ತೂತುಗಳಿಂದ ಬಿಸಿಲು ಪರೀಕ್ಷಕರ ಮುಖದ ಮೇಲೆ ಬಿತ್ತು.

“ತಲಿ ಹಣ್ಣಾಗೂತನಕ ರೊಟ್ಟಿ ಬಡದೀನ್ರಿ ಸಾಹೇಬ್ರ. ಇದಕ್ಕ ನನ್ನ ಕೈ ಹತ್ತಿತ್ತಂದ್ರ ನನ್ನ ಸೊಸಿದೇರು ನನ್ನನ್ನ ಮನಿಯೊಳಗ ಬಿಟ್ಟುಕೋತಾರೇನು?”

ಪರೀಕ್ಷಕರು ರೊಟ್ಟಿಯನ್ನು ತಿರುವಿ ನೋಡಿದರು. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡರು. ಅನುಮಾನವೆಲ್ಲ ಅಲ್ಲಿಗೇ ಹೋಗಿರಬೇಕು, ಕೂಡಲೇ ಪೆನ್ನು ತೆಗೆದು ‘ಪಾಸ್’ ಎಂದು ಬರೆದರು. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಬಹಳ ಹೊತ್ತು ಹಿಡಿಯಿತು. ಅವರಿನ್ನೂ ಅಗಿಯುತ್ತಿದ್ದರು.