ತೆಂಗಿನಕಾಯಿಗೆ ಪಟ್ಟೆ ಕುಲಾವಿ

"ನೋಡ್ತಾ ಇರು ಕಾಮೂ, ಹತ್ತೇ ನಿಮಿಷ!" ಎಂದು ನಮ್ಮನೆಯವರು ಗುಂಡಿ ಒತ್ತಿದರು.

ಊಟದ ಮೇಜಿನ ಮೇಲಿದ್ದ ಯಂತ್ರ ಒಮ್ಮೆ ಕೆಮ್ಮಿತು. ಹಳೆಯ ಮಿಕ್ಸಿಯ ಮೋಟರು, ಸೈಕಲ್ ಚಕ್ರದ ಎಂಟು ಕಡ್ಡಿಗಳು, ಗಾಜು ಒಡೆದ ಮೊಬೈಲು, ಮೇಲೊಂದು ಸೊಂಡಿಲಿನಂಥ ಕೊಳವೆ. ಮೊಬೈಲು ತಲೆಯನ್ನು ಗುರುತಿಸುತ್ತದಂತೆ, ಕೊಳವೆ ವಾಸನೆ ಹಿಡಿದು ಉಣ್ಣೆಯನ್ನು ತಾನೇ ಎಳೆದುಕೊಳ್ಳುತ್ತದಂತೆ, ಕಡ್ಡಿಗಳು ತಲೆಯ ಮೇಲೇ ಕುಲಾವಿ ಹೆಣೆಯುತ್ತವಂತೆ! ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಇಂಥ ಅಂತೆಕಂತೆಗಳನ್ನು ಬಹಳ ಕೇಳಿದ್ದೇನೆ. ಅವರ ದೋಸೆ ಮಗುಚುವ ಯಂತ್ರ ಮಗುಚಿದ ಮೊದಲ ದೋಸೆ ಇನ್ನೂ ಅಡುಗೆಮನೆಯ ಸೂರಿಗೆ ಅಂಟಿಕೊಂಡೇ ಇದೆ.

ಆದರೆ ಈ ಸಲ ನನಗೆ ಬೇರೆ ದಾರಿ ಇರಲಿಲ್ಲ. ನನ್ನ ತಮ್ಮನಿಗೆ ಮಗಳು ಹುಟ್ಟಿದ್ದಳು. ನಮ್ಮ ತವರಿನ ಪದ್ಧತಿಯಂತೆ, ಸೋದರತ್ತೆಯಾದವಳು ಮನೆಯಲ್ಲೇ ಹೆಣೆದ ಪಟ್ಟೆ ಕುಲಾವಿಯನ್ನು ಮಗುವಿಗೆ ತೊಡಿಸಿ, ಆಮೇಲೆ ಕಿವಿಯಲ್ಲಿ ಹೆಸರು ಹೇಳಬೇಕು. ಕುಲಾವಿ ಇಲ್ಲದಿದ್ದರೆ ಹೆಸರು ಹೇಳುವ ಭಾಗ್ಯ ಇನ್ನೊಬ್ಬ ಅತ್ತೆಗೆ ಹೋಗುತ್ತದೆ. ಇನ್ನೊಬ್ಬ ಅತ್ತೆ ಎಂದರೆ ನಮ್ಮ ದೊಡ್ಡಪ್ಪನ ಮಗಳು ಜಲಜ. ಹರಟುತ್ತಲೇ ಸ್ವೆಟರ್ ಹೆಣೆದು ಮುಗಿಸುವವಳು! ನಾನು ಒಂದು ತಿಂಗಳು ಒದ್ದಾಡಿ ಹೆಣೆದ ಕುಲಾವಿಯನ್ನು ನೋಡಿ, "ಕಾಲುಚೀಲ ಚೆನ್ನಾಗಿದೆ ಕಣೇ, ಇನ್ನೊಂದು ಕಾಲಿಂದೆಲ್ಲಿ?" ಎಂದು ಕೇಳಿದ್ದಳು. ನನಗೆ ಅಳುವೇ ಬಂದುಬಿಟ್ಟಿತ್ತು.

ಯಂತ್ರಕ್ಕೆ ಮೊದಲು ತಲೆ ಎಂದರೇನು ಎಂದು ಕಲಿಸಬೇಕಿತ್ತು. ಟೇಪು ಹಿಡಿದು ಹೋದ ಅಳಿಯನನ್ನು ಅಮ್ಮ ಬಾಣಂತಿ ಕೋಣೆಯ ಬಾಗಿಲಲ್ಲೇ ತಡೆದಳು.

"ಎಳೇ ಮಗೂನ ಅಳತೆ ತೆಗೀತಾರೇನ್ರೀ ಅಳಿಯಂದ್ರೇ? ದೃಷ್ಟಿ ಆಗಲ್ವೇ? ಟೇಪೂ ಬೇಡ, ಫೋಟೋನೂ ಬೇಡ!"

"ಎಷ್ಟು ದಪ್ಪ ಇದೆ ಅಂತ ಬಾಯಲ್ಲಾದ್ರೂ ಹೇಳಿ ಅತ್ತೆ."

"ಇಷ್ಟಿದೆ ನೋಡಿ" ಎಂದು ಅಮ್ಮ ಒಂದು ತೆಂಗಿನಕಾಯಿ ತಂದುಕೊಟ್ಟಳು. ತಿಪಟೂರಿನವರಿಗೆ ಅದಕ್ಕಿಂತ ದೊಡ್ಡ ಅಳತೆಗೋಲು ಬೇರೆ ಯಾವುದಿದೆ! ಮಗುವಿನ ಲೆಕ್ಕದಲ್ಲಿ ಕೊಡುವ ಕಾಯಿಯನ್ನು ಬರಿದಾಗಿ ಕೊಡಬಾರದೆಂದು, ಜುಟ್ಟಿನ ಕೆಳಗೆ ಕುಂಕುಮದ ಮೂರು ಬೊಟ್ಟನ್ನೂ ಇಟ್ಟಿದ್ದಳು.

ನಮ್ಮನೆಯವರು ಇದೇ ತಲೆ ಎಂದು ಯಂತ್ರಕ್ಕೆ ಕಲಿಸಿದ ಅದೇ ಕಾಯಿಯ ಮೇಲೆ ಈಗ ಹತ್ತು ನಿಮಿಷಕ್ಕೆ ಸರಿಯಾಗಿ ಕೆಂಪು ಹಳದಿ ಪಟ್ಟೆಯ ಕುಲಾವಿ ಸಿದ್ಧವಾಯಿತು!

"ಇದನ್ನೇ ತಗೊಂಡು ಹೋಗಿಬಿಡೋಣ ಕಣ್ರೀ" ಎಂದೆ.

"ಛೆ! ಎಲ್ಲರ ಎದುರಿಗೇ ಹೆಣೀಬೇಕು. ಜಲಜ ನೋಡಬೇಕು!"

ಜಲಜ ನೋಡಬೇಕು ಎಂದ ಕೂಡಲೇ ನನ್ನ ಬುದ್ಧಿಯೂ ಕೆಟ್ಟಿತು. ಆ ಕುಲಾವಿಯನ್ನು ಮನೆಯಲ್ಲೇ ಬಿಟ್ಟು ಹೊರಟೆವು.

ನಾಮಕರಣದ ಬೆಳಿಗ್ಗೆ ಮಾಗಿಯ ಚಳಿ ಕೊರೆಯುತ್ತಿತ್ತು. ನೆಂಟರೆಲ್ಲ ಶಾಲು, ಸ್ವೆಟರುಗಳಲ್ಲಿ ಮುದುಡಿ ಕೂತಿದ್ದರು. ಜಲಜ ಚೀಲದಿಂದ ತನ್ನದೊಂದು ನೀಲಿ ಕುಲಾವಿ ತೆಗೆದು, "ಇರ್ಲಿ ಅಂತ ತಂದೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ" ಎಂದು ನಕ್ಕಳು. ನಮ್ಮನೆಯವರು ತೊಟ್ಟಿಲ ಮುಂದೆ ಯಂತ್ರವಿಟ್ಟು ಗುಂಡಿ ಒತ್ತಿದರು.

ಯಂತ್ರ ಮಗುವನ್ನು ದಿಟ್ಟಿಸಿತು. "ತಲೆ ಇಲ್ಲ" ಎಂದು ಅದರ ಮೊಬೈಲು ನುಡಿಯಿತು.

"ಏನಂದ್ರೀ?" ಅಮ್ಮ ಎದ್ದು ನಿಂತಳು. "ನನ್ನ ಮೊಮ್ಮಗಳಿಗೆ ತಲೆ ಇಲ್ವಂತಾ?"

ಅಷ್ಟರಲ್ಲಿ ಅದು ಮೂಲೆಗೆ ತಿರುಗಿತು. ತಾಂಬೂಲಕ್ಕೆಂದು ಅಮ್ಮ ಬೊಟ್ಟಿಟ್ಟು ಜೋಡಿಸಿದ್ದ ಮೂವತ್ತು ಕಾಯಿಗಳಿದ್ದವು. "ತಲೆ! ತಲೆ! ತಲೆ!" ಎಂದು ಸಂಭ್ರಮದಿಂದ ಕೂಗಿ, ಈ ಸಲ ನಿಮಿಷಕ್ಕೊಂದರಂತೆ ಟಕಟಕನೆ ಹೆಣೆಯತೊಡಗಿತು. ತಂದಿದ್ದ ಉಣ್ಣೆಯ ಉಂಡೆಗಳು ನಾಲ್ಕು ಕಾಯಿಗೇ ಮುಗಿದವು. ಕೊಳವೆ ಮೂಸುತ್ತ ಮೂಸುತ್ತ ಅಮ್ಮನ ಹಸಿರು ಶಾಲಿನ ಅಂಚು ಹಿಡಿಯಿತು. ಸರ್ರನೆ ಶಾಲು ಮಾಯ! ಆಮೇಲೆ ಜಲಜಳ ಸ್ವೆಟರು, ಅದರ ಹಿಂದೆಯೇ ಆ ನೀಲಿ ಕುಲಾವಿ, ಒಂದೊಂದಾಗಿ ಉಳಿದ ನೆಂಟರ ಶಾಲು, ಸ್ವೆಟರುಗಳು!

"ಆಫ್ ಮಾಡ್ರೀ!" ಎಂದು ಕಿರುಚಿದೆ.

"ಆಫ್ ಗುಂಡಿ ಮುಂದಿನ ವಾರ ಹಾಕೋಣ ಅಂತಿದ್ದೆ ಕಣೇ..."

ನಾನೇ ಓಡಿಹೋಗಿ ಒಂದು ಕಾಯಿಯ ಕುಲಾವಿ ಕಿತ್ತೆ. ಯಂತ್ರ ನನ್ನ ಕೈಗೆ ಕಡ್ಡಿಯಿಂದ ಬಾರಿಸಿ, ಕಿತ್ತುಕೊಂಡು, ಕಾಯಿಗೇ ತೊಡಿಸಿತು. ಕೂಸು ಚಳಿಗೆ ಕಿರುಚಿ ಅಳುತ್ತಿತ್ತು, ಕಾಯಿಗಳು ಬೆಚ್ಚಗೆ ಕೂತಿದ್ದವು.

"ಮುಹೂರ್ತ ಮೀರ್ತಾ ಇದೆ. ಕುಲಾವಿ ಯಾರದಮ್ಮಾ?" ಎಂದು ಪುರೋಹಿತರಾದ ಶಾಸ್ತ್ರಿಗಳು ಬಗ್ಗಿದರು.

"ತಲೆ!" ಎಂದಿತು ಯಂತ್ರ. ಶಾಸ್ತ್ರಿಗಳ ಶಾಲು ಬಿಚ್ಚಿ, ಅದರಿಂದಲೇ ಅವರ ಮೂಗಿನವರೆಗೂ ಕುಲಾವಿ ಇಳಿಸಿತು. ಅವರು ಒಳಗಿನಿಂದಲೇ ಮಂತ್ರ ಮುಂದುವರಿಸಿದರು.

ಇಷ್ಟು ಜನರಲ್ಲಿ ಶಾಸ್ತ್ರಿಗಳೊಬ್ಬರೇ ಯಾಕೆ? ತಟ್ಟನೆ ಹೊಳೆಯಿತು. ಅವರಿಗೆ ಜುಟ್ಟಿದೆ! ಹಣೆಯಲ್ಲಿ ಗಂಧ, ಅಕ್ಷತೆ, ಕುಂಕುಮ, ಮೂರು ಬೊಟ್ಟಿವೆ! ಕುಂಕುಮದ ಬಟ್ಟಲು ಎಳೆದುಕೊಂಡು ಮಗುವಿನ ಹಣೆಗೆ ಪುಟ್ಟಪುಟ್ಟ ಮೂರು ಬೊಟ್ಟಿಟ್ಟೆ. ಎಣ್ಣೆ ಹಚ್ಚಿದ ಹುಟ್ಟುಗೂದಲನ್ನು ತಿರುಚಿ ಜುಟ್ಟು ನಿಲ್ಲಿಸಿದೆ.

"ಏನೇ ಮಾಡ್ತಿದೀಯ ಮಗೂಗೆ?" ಎಂದಳು ಅಮ್ಮ.

"ಕಾಯಿ ಮಾಡ್ತಿದೀನಿ, ಸುಮ್ನಿರು!"

ಯಂತ್ರ ತಿರುಗಿತು. "ತಲೆ" ಎಂದಿತು, ಈ ಸಲ ಮೆಲ್ಲಗೆ. ಅದರ ಬಳಿ ಅಮ್ಮನ ಹಸಿರು ಸ್ವಲ್ಪ, ಜಲಜಳ ನೀಲಿ ಸ್ವಲ್ಪ ಉಳಿದಿತ್ತು. ಸಾಲದೆಂದು ಕೊಳವೆ ನಮ್ಮನೆಯವರ ಕಾಫಿ ಬಣ್ಣದ ಸ್ವೆಟರಿನತ್ತ ಚಾಚಿತು.

"ಏಯ್, ನಾನು ನಿನ್ನ ಹೆತ್ತಪ್ಪ ಕಣೋ!" ಎಂದು ಕೂಗುತ್ತಿದ್ದಂತೆಯೇ ಅವರು ಬನಿಯನ್ನಿನಲ್ಲಿ ನಿಂತಿದ್ದರು.

ಹಸಿರು, ನೀಲಿ, ಕಾಫಿ ಬಣ್ಣದ ಪಟ್ಟೆಗಳ ಕುಲಾವಿ ಆ ಪುಟ್ಟ ತಲೆಗೆ ಹೇಳಿ ಮಾಡಿಸಿದಂತೆ ಕೂತಿತು. ಯಂತ್ರ ಕೊನೆಯ ಸಲ ಕೆಮ್ಮಿ ತಣ್ಣಗಾಯಿತು. ಮಗುವಿನ ಅಳು ನಿಂತಿತು. ನಾನು ಬಗ್ಗಿ, ಕುಲಾವಿಯ ಅಂಚು ಸರಿಸಿ, "ಮೈಥಿಲಿ" ಎಂದೆ. ಕಣ್ಣು ತುಂಬಿ ಬಂತು. ಚಳಿಗೆ ನಡುಗುತ್ತಿದ್ದ ಜಲಜ ಹೆಣಿಗೆಯನ್ನು ಮುಟ್ಟಿ ನೋಡಿ, "ಪರವಾಗಿಲ್ಲ ಕಣೇ" ಎಂದಳು. ಅವಳ ಬಾಯಲ್ಲಿ ಇದೇ ದೊಡ್ಡ ಬಿರುದು.

ತಾಂಬೂಲದಲ್ಲಿ ಎಲ್ಲರಿಗೂ ಕುಲಾವಿ ತೊಟ್ಟ ಒಂದೊಂದು ಕಾಯಿ ಸಿಕ್ಕಿತು. ಚಟ್ನಿಗೆ ಒಡೆಯಲು ಯಾರಿಗೂ ಮನಸ್ಸು ಬಂದಿಲ್ಲ. ಜಲಜ ತನ್ನದನ್ನು ದಿಂಬಿನ ಪಕ್ಕ ಮಲಗಿಸಿದ್ದಾಳಂತೆ. ನೆಂಟರಿಷ್ಟರಿಗೆಲ್ಲ ವಾರದಿಂದ ನೆಗಡಿ, ಕೆಮ್ಮು. ಕಾಯಿಗಳು ಮಾತ್ರ ಕ್ಷೇಮವಾಗಿವೆ.