ಬಿಟ್ಟುಹೋದ ಮಿಲಿ

ಬೆಳಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೇ, ಬ್ಯಾಂಕಿನ ಕ್ಯಾಷಿಯರು ಎದುರಿನ ಹೊಸ ಸಲೂನಿನ ಮೆಟ್ಟಿಲು ಹತ್ತಿದ್ದನ್ನು ಕಟಿಂಗ್ ಅಂಗಡಿಯವನು ಕಣ್ಣಾರೆ ಕಂಡ. ಒಬ್ಬ ಗಿರಾಕಿ ತಾನೇ, ಹೋದರೆ ಹೋಗಲಿ ಅನ್ನುವಂತಿರಲಿಲ್ಲ. ಕ್ಯಾಷಿಯರು ಎಲ್ಲಿ ತಲೆ ಕೊಡುತ್ತಾರೋ ಇಡೀ ಬ್ಯಾಂಕು ಅಲ್ಲೇ ತಲೆ ಕೊಡುತ್ತದೆ.

"ಅಲ್ಲಿ ಕನ್ನಡಿ ಸುತ್ತ ದೀಪ ಇದೆ ಕಣ್ರೀ. ನಮ್ಮಲ್ಲಿ ಮುಖ ಯಾವುದು, ಹಿಂದಲೆ ಯಾವುದು ಅಂತ ತಡವಿ ನೋಡ್ಬೇಕು," ಎಂದಳು ಹೆಂಡತಿ, ಟವೆಲ್ ಮಡಚುತ್ತಾ.

"ನಾನೇ ಮಾಡ್ತೀನಿ ಬಿಡೆ. ಎಲ್‌ಇಡಿ ಜೋಡಿಸೋದೇನು ಬ್ರಹ್ಮವಿದ್ಯೆನಾ?"

ಮೂಲೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಓಡಿ ಒಂದು ಹಿಡಿ ಎಲ್‌ಇಡಿ ತಂದ. ಹನ್ನೆರಡು ವೋಲ್ಟಿನ ಹಳೇ ಅಡಾಪ್ಟರ್ ಮನೆಯಲ್ಲೇ ಇತ್ತು. ತೊಡಕು ಬಂದದ್ದು ರೆಸಿಸ್ಟರಿನಲ್ಲಿ. "ಇದು ಕರೆಂಟಿಗೆ ಕಡಿವಾಣ. ಎಷ್ಟು ಓಮಿಂದು ಬೇಕೋ ಲೆಕ್ಕ ಹಾಕಿ ಆರಿಸ್ಕೊಳ್ಳಿ," ಎಂದು ಅಂಗಡಿಯವನು ಸೂತ್ರ ಹೇಳಿಕೊಟ್ಟು, ಎಲ್ಲ ಅಳತೆಯವೂ ಬೆರೆತ, ಯಾವ ಬಣ್ಣಕ್ಕೆ ಎಷ್ಟು ಓಮು ಅನ್ನುವ ಪಟ್ಟಿ ಅಂಟಿಸಿದ್ದ ಪೊಟ್ಟಣವೊಂದನ್ನು ಕೈಗಿಟ್ಟಿದ್ದ. ಅಕ್ಕಿಕಾಳಿನಷ್ಟು ಮೈ, ಎರಡೂ ಕಡೆ ತಂತಿಯ ಮೀಸೆ, ಹೊಟ್ಟೆಯ ಮೇಲೆ ಬಣ್ಣಬಣ್ಣದ ಉಂಗುರ. ಮೀಸೆ ಕಂಡರೆ ಇವನಿಗೆ ಕತ್ತರಿಸೋಣ ಅನ್ನಿಸಿತೇ ಹೊರತು ಲೆಕ್ಕ ತೋಚಲಿಲ್ಲ.

ಕುರ್ಚಿಯಲ್ಲಿ ಗಣಿತದ ಮೇಷ್ಟ್ರು ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ನೊರೆ ಮೆತ್ತಿಸಿಕೊಂಡು ಕೂತಿದ್ದರು. ಲೆಕ್ಕ ಅಂದದ್ದೇ ತಡ, ಕೆನ್ನೆಯ ನೊರೆಯನ್ನು ಬೆರಳಲ್ಲಿ ಬಳಿದು ಕನ್ನಡಿಯ ಮೇಲೆ ಬರೆಯತೊಡಗಿದರು.

"ಮೂರು ಎಲ್‌ಇಡಿ ಒಂದು ಸಾಲು. ತಲಾ ಮೂರು ವೋಲ್ಟು, ಒಟ್ಟು ಒಂಬತ್ತು. ಹನ್ನೆರಡರಲ್ಲಿ ಒಂಬತ್ತು ಹೋದ್ರೆ ಮೂರು. ಕರೆಂಟು ಇಪ್ಪತ್ತು. ಮೂರನ್ನ ಇಪ್ಪತ್ತರಿಂದ ಭಾಗಿಸಿದ್ರೆ ಸೊನ್ನೆ ಬಿಂದು ಒಂದು ಐದು."

"ಅಷ್ಟು ಸಣ್ಣದು ಪೊಟ್ಟಣದಲ್ಲಿ ಇಲ್ವಲ್ಲ ಸಾರ್."

"ಹಾಗಾದ್ರೆ ಸೊನ್ನೆ ಅಂತಲೇ ಇಟ್ಕೋ. ರೆಸಿಸ್ಟರು ಬೇಡವೇ ಬೇಡ!"

ಗಣಿತವೇ ಹೇಳಿದ ಮೇಲೆ ಇನ್ನೇನು? ತಂತಿ ಹೊಸೆದು, ಟೇಪು ಸುತ್ತಿ, ಪ್ಲಗ್ ಚುಚ್ಚಿದ. ಮೂರು ಎಲ್‌ಇಡಿಗಳೂ ಫಳ್ಳೆಂದು ಬೆಳಗಿ, ಟಪ್ಪೆಂದು ಪ್ರಾಣಬಿಟ್ಟವು. ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ, ಮೇಷ್ಟ್ರು "ಅಯ್ಯೋ ನನ್ನ ಮೀಸೆ!" ಎಂದು ಚೀರಿ, ಕೊರಳಿನ ಟವೆಲ್ ಸಮೇತ ಬೀದಿಗೆ ಹಾರಿದರು.

ಪಕ್ಕದ ಇಸ್ತ್ರಿ ಅಂಗಡಿಯವನು ಇಣುಕಿದ. "ಏನಯ್ಯಾ ಸುಟ್ಟೆ? ಸುಡೋದು ನನ್ನ ಕಸುಬಲ್ವಾ?" ವಿಷಯ ಕೇಳಿ ನಕ್ಕ. "ಕಡಿವಾಣ ಅಂದ್ಮೇಲೆ ಗಟ್ಟಿಯಾಗಿರ್ಬೇಕು. ಇರೋದರಲ್ಲಿ ದೊಡ್ಡದೇ ಹಾಕು."

ಇದ್ದದ್ದರಲ್ಲಿ ದೊಡ್ಡದು ಒಂದೂವರೆ ಲಕ್ಷ ಓಮಿನದು. ಹೊಸ ಎಲ್‌ಇಡಿಗಳ ಜೊತೆ ಅದನ್ನು ಹಾಕಿ ಪ್ಲಗ್ ಚುಚ್ಚಿದ. ಇಬ್ಬರೂ ಅಂಗೈ ಬೊಗಸೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದರು.

"ಹತ್ತಿದೆಯಾ?"

"ಹತ್ತಿದೆ ಅಂತ ನಂಬಿದ್ರೆ ಹತ್ತಿದೆ," ಎಂದ ಇಸ್ತ್ರಿಯವನು.

ಅಷ್ಟರಲ್ಲಿ ಬೀದಿಯ ತುದಿಯಿಂದ ಕೂಗು ಕೇಳಿಸಿತು. "ಮಿಲಿ! ಮಿಲಿನ ಬಿಟ್ಟುಬಿಟ್ವಲ್ಲಯ್ಯಾ!" ಒಂದು ಕೆನ್ನೆಯಲ್ಲಿ ಒಣಗಿದ ನೊರೆ, ಕೊರಳಲ್ಲಿ ಟವೆಲ್, ಮೇಷ್ಟ್ರು ಓಡೋಡಿ ಬರುತ್ತಿದ್ದರು. ಕಿಟಕಿಗಳೆಲ್ಲ ತೆರೆದುಕೊಂಡವು.

ಚಹಾ ತಂದಿದ್ದ ಹೆಂಡತಿ ಹೊಸ್ತಿಲಲ್ಲೇ ನಿಂತಳು. "ಯಾರನ್ನ ಬಿಟ್ರಿ?"

"ಮಿಲಿನ ಕಣಮ್ಮಾ! ನಾನೂ ನಿನ್ನ ಗಂಡನೂ ಸೇರಿ ಬಿಟ್ಟುಬಿಟ್ವಿ!"

"ಪಾಪ, ಹೆಣ್ಣುಮಗು. ಎಲ್ಲಿ ಬಿಟ್ರೋ ಏನೋ," ಎಂದು ಇಸ್ತ್ರಿಯವನು ತನ್ನ ಕೆಂಡವನ್ನೂ ಸೇರಿಸಿದ.

ಚಹಾದ ಲೋಟ ಧಡ್ಡೆಂದು ಮೇಜಿಗೆ ಕೂತಿತು. "ಇದಕ್ಕೇ ಏನ್ರೀ ದೀಪದ ನೆಪ? ಮೇಷ್ಟ್ರೇ, ನೀವೂನಾ? ಈ ವಯಸ್ಸಲ್ಲಿ?"

"ದೇವರಾಣೆ ನಂಗೆ ಯಾವ ಮಿಲಿನೂ ಗೊತ್ತಿಲ್ಲ ಕಣೇ!"

"ಮಿಲಿ ಆಂಪಿಯರಮ್ಮಾ!" ಮೇಷ್ಟ್ರು ಏದುಸಿರು ಬಿಟ್ಟರು. "ಕರೆಂಟು ಇಪ್ಪತ್ತಲ್ಲ, ಇಪ್ಪತ್ತು ಮಿಲಿ. ಅಂದ್ರೆ ಸಾವಿರದಲ್ಲಿ ಇಪ್ಪತ್ತು ಪಾಲು!" ಕನ್ನಡಿಯ ಮೇಲೆ ಮತ್ತೆ ಭಾಗಿಸಿದರು. ಉತ್ತರ ನೂರೈವತ್ತು ಓಮ್. ಕನ್ನಡಿಯಲ್ಲಿ ಹೆಂಗಸಿನ ಸುಳಿವು ಎಲ್ಲೂ ಕಾಣದೆ ಹೆಂಡತಿಯ ಮುಖ ಸಡಿಲವಾಯಿತು. ಗಂಡನಿಗೆ ಹೋದ ಜೀವ ಬಂದಂತಾಯಿತು. ಪೊಟ್ಟಣದ ಪಟ್ಟಿ ನೋಡಿಕೊಂಡು ಕಂದು, ಹಸಿರು, ಕಂದು ಉಂಗುರದವನ್ನು ಅವಳೇ ಹೆಕ್ಕಿ ಕೊಟ್ಟಳು.

ಈ ಸಲ ಟಪ್ಪೆನ್ನಲಿಲ್ಲ. ಸಂಜೆ ಹೊತ್ತಿಗೆ ಸಾಲಿಗೊಂದು ರೆಸಿಸ್ಟರಿನಂತೆ ಕನ್ನಡಿಯ ಸುತ್ತ ದೀಪಗಳು ಕೂತವು. ಅಷ್ಟರಲ್ಲಿ ಬಾಗಿಲಲ್ಲಿ ಸಾಕ್ಷಾತ್ ಕ್ಯಾಷಿಯರು! ಇವನ ಎದೆ ಹಿಗ್ಗಿತು. ಕೂರಿಸಿ, ಬಟ್ಟೆ ಹೊದಿಸಿ, ಪ್ಲಗ್ ಚುಚ್ಚಿದ. ಅಂಗಡಿ ನಡುಹಗಲಾಯಿತು.

ಕ್ಯಾಷಿಯರು ಕನ್ನಡಿ ನೋಡಿದರು. ಹಾವು ತುಳಿದವರಂತೆ ಎದ್ದು ನಿಂತರು.

"ಆರಿಸಯ್ಯಾ! ಮೊದಲು ಆರಿಸು! ಬೆಳಗ್ಗೆ ಎದುರಿನವನ ಬೆಳಕಲ್ಲಿ ನನ್ನ ಬೋಳು ನೆತ್ತಿ ನೋಡ್ಕೊಂಡು, ಕೂದಲು ಮುಟ್ಟಿಸದೆ ಓಡಿಬಂದಿದ್ದೀನಿ. ಮಧ್ಯಾಹ್ನ ಊಟ ಸೇರಲಿಲ್ಲ. ತಲೆಗೆ ಹಳೇ ಅಂಗಡಿನೇ ಸರಿ ಅಂತ ಇಡೀ ಬ್ಯಾಂಕಿಗೆ ಹೇಳಿಬಂದ್ರೆ, ನೀನೂ ಹೀಗೆ ಮಾಡೋದಾ?"

ಇವನು ಪ್ಲಗ್ ಕಿತ್ತ ರಭಸಕ್ಕೆ ತಂತಿಯೂ ಕೈಗೆ ಬಂತು. ಅಂಗಡಿ ಮತ್ತೆ ಮಬ್ಬಾಯಿತು. ಕ್ಯಾಷಿಯರು ನಿಟ್ಟುಸಿರು ಬಿಟ್ಟು ಕೂತರು. ಅದಕ್ಕಿಂತ ಉದ್ದದ ನಿಟ್ಟುಸಿರು ಇವನು ಬಿಟ್ಟ.

"ಹಾಂ, ಈಗ ಸರಿಹೋಯ್ತು," ಎಂದರು ಕ್ಯಾಷಿಯರು, ಕನ್ನಡಿಯ ಮಬ್ಬಿನಲ್ಲಿ ತಮ್ಮನ್ನು ಮೆಚ್ಚುಗೆಯಿಂದ ನೋಡುತ್ತಾ. "ನೆತ್ತಿ ಮೇಲೆ ತೀರಾ ದಟ್ಟ ಆಗಿದೆ ನೋಡು, ಸ್ವಲ್ಪ ಇಳಿಸಿಬಿಡು."

"ಆಗ್ಲಿ ಸಾರ್," ಎಂದವನು ಬರಿಯ ಗಾಳಿಯಲ್ಲೇ ಕಚಕಚ ಕತ್ತರಿ ಆಡಿಸತೊಡಗಿದ.